ಮರೆತಾಗ ಹೇಳಿಕೊಡುವವರು

ಬೆಳಿಗ್ಗೆಯಿಂದ ಚಿಕ್ಕಮ್ಮ ಒಂದು ಮಾತನ್ನೂ ಮರೆತಿರಲಿಲ್ಲ. ಜೊತೆಗಿದ್ದ ಹುಡುಗಿಯ ತಳಮಳವೆಲ್ಲ ಅದಕ್ಕೇ. ವ್ಯಾನಿನ ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ, ಕಿಟಕಿಯ ಕಡೆ ಮುಖ ಮಾಡಿ ಕೂತ ಚಿಕ್ಕಮ್ಮ ನಾಟಕವನ್ನು ಮೊದಲಿನಿಂದ ಒಪ್ಪಿಸುತ್ತ ಬಂದಿದ್ದಳು. ಹಿಂದೆ, ದೀಪದ ಸ್ಟ್ಯಾಂಡುಗಳ ನಡುವೆ ಮೊಣಕಾಲು ಮಡಚಿ ಕೂತ ಹುಡುಗಿ ತೊಡೆಯ ಮೇಲೆ ಪುಸ್ತಕ ತೆರೆದುಕೊಂಡು ಸಾಲುಗಳ ಕೆಳಗೆ ಬೆರಳು ಓಡಿಸುತ್ತಿದ್ದಳು. ಎರಡು ಕಡೆ ಚಿಕ್ಕಮ್ಮನ ದನಿ ತಡೆಯಿತು. ಎರಡು ಕಡೆಯೂ ಹುಡುಗಿಯ ಎದೆ ಆಸೆಯಿಂದ ಡವಗುಟ್ಟಿತು. ಆದರೆ ಚಿಕ್ಕಮ್ಮ ನಿಂತದ್ದು ಉಸಿರೆಳೆದುಕೊಳ್ಳಲು ಅಷ್ಟೆ. ಸರಿಯಾದ ಮಾತನ್ನೇ ಹಿಡಿದು ಮುಂದೆ ಹೋದಳು. ಆಸೆ ಎಂದು ತಾನೇ ಅದಕ್ಕೆ ಹೆಸರಿಟ್ಟುಕೊಂಡ ಮೇಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮಗು ಎಡವಿ ಬೀಳಲಿ ಎಂದು ಕಾಯುತ್ತ ಕೂತವಳ ಹಾಗೆ ತಾನು ಕೂತಿದ್ದೇನೆ ಅನ್ನಿಸಿ, ಬೆರಳನ್ನು ಪುಸ್ತಕದಿಂದ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.

"ಏನೇ ಮೂಕಿ, ತಪ್ಪು ಸಿಕ್ತಾ?" ಚಿಕ್ಕಮ್ಮ ಹಿಂದೆ ತಿರುಗದೆ ಕೇಳಿದಳು.

"ಇಲ್ಲ ಚಿಕ್ಕಮ್ಮ."

"ಒಂದೂ ಇಲ್ವಾ?"

"ಒಂದೂ ಇಲ್ಲ."

"ಮತ್ತೆ ಅದನ್ನ ಯಾರೋ ಸತ್ತ ಸುದ್ದಿ ಥರ ಯಾಕೆ ಹೇಳ್ತೀಯಾ?"

"ಖುಷಿ ಆದ್ರೂ ಅವಳದು ಅದೇ ಮುಖ ಅಕ್ಕಾ," ಎಂದ ಡ್ರೈವರು. "ಒಂದೇ ಮುಖದಲ್ಲಿ ಎಲ್ಲಾ ನಿಭಾಯಿಸ್ತಾಳೆ. ಸವೆಯೋದು ಕಡಿಮೆ."

ಚಿಕ್ಕಮ್ಮ ನಕ್ಕಳು. ಅವಳೂ ನಕ್ಕಳು, ಕನ್ನಡಿಯಲ್ಲಿ ಡ್ರೈವರಿಗೆ ಕಾಣುವಷ್ಟು. ಚಿಕ್ಕಮ್ಮ ಮತ್ತೆ ಕಿಟಕಿಯ ಕಡೆ ತಿರುಗಿ, ಹೊರಗೆ ಹಿಂದಕ್ಕೆ ಓಡುವ ಬೇಲಿಗಳಿಗೆ, ಸೇತುವೆಗೆ, ಯಾವುದೋ ಕಾರ್ಖಾನೆಯ ಗೋಡೆಗೆ ನಾಟಕದ ಕೊನೆಯ ಭಾಗ ಹೇಳತೊಡಗಿದಳು.

ನಾಟಕದಲ್ಲಿ ಇರುವವಳು ಒಬ್ಬಳೇ. ಕೈಯಿಂದ ಫೋನ್ ಜೋಡಿಸುತ್ತಿದ್ದ ಕಾಲದ ಒಬ್ಬ ಆಪರೇಟರು. ಎದುರಿಗೆ ತೂತುಗಳ ದೊಡ್ಡ ಬೋರ್ಡು, ಕೈಯಲ್ಲಿ ವೈರುಗಳು. ನಾಳೆ ಯಂತ್ರ ಬರುತ್ತದೆ, ಇವತ್ತು ಅವಳ ಕೊನೆಯ ಸಂಜೆ. ಊರಿನವರೆಲ್ಲ ಒಬ್ಬರಾದ ಮೇಲೊಬ್ಬರು ನಂಬರು ಕೇಳುತ್ತಾರೆ, ಅವಳು ಜೋಡಿಸುತ್ತಾಳೆ, ಕೇಳಿಸಿಕೊಳ್ಳಬಾರದ್ದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಕೊನೆಗೆ ಯಾರೋ ಒಂದು ನಂಬರು ಕೇಳುತ್ತಾರೆ. ಅದು ಅವಳ ಮನೆಯದೇ ನಂಬರು. ಈಗ ಅಲ್ಲಿ ಯಾರೂ ಉಳಿದಿಲ್ಲ. ವೈರು ಕೈಯಲ್ಲಿ ಹಿಡಿದು ಅವಳು ಸುಮ್ಮನೆ ನಿಲ್ಲುತ್ತಾಳೆ. ತುಂಬ ಹೊತ್ತು ನಿಲ್ಲುತ್ತಾಳೆ. ಆಮೇಲೆ, 'ಆ ಮನೇಲಿ ಯಾರೂ ಎತ್ತಲ್ಲ. ಆದ್ರೂ ಕೊಡ್ತೀನಿ' ಎನ್ನುತ್ತಾಳೆ. 'ಕೊಡ್ತೀನಿ' ಎಂಬ ಮಾತಿಗೆ ನಾಟಕದ ಹಾಲಿನ ಹಿಂಭಾಗದಲ್ಲಿ ಕೂತ ಹುಡುಗಿ ಗುಂಡಿ ತಿರುಗಿಸಿ ಬೆಳಕು ಇಳಿಸಬೇಕು. ಅಲ್ಲಿಗೆ ನಾಟಕ ಮುಗಿಯಿತು.

ಹಾಗೆ ನೋಡಿದರೆ ಈ ನಾಟಕ ಅವಳದೇ ಕಥೆ ಎಂದು ಡ್ರೈವರು ತಮಾಷೆ ಮಾಡುವುದಿತ್ತು. ಅವಳ ಕೆಲಸವೂ ಫೋನಿನದೇ. ಸಣ್ಣ ಸಣ್ಣ ಊರುಗಳಲ್ಲಿ ಒಂದೊಂದು ಹಾಲು ಇರುತ್ತದೆ. ಆ ಹಾಲಿಗೆ ಒಬ್ಬರು ಅಂಗಡಿಯವರೋ, ನಿವೃತ್ತರೋ, ಊರಿಗೆ ಏನಾದರೂ ತರಿಸಬೇಕೆಂಬ ಹುಚ್ಚು ಹಿಡಿದವರೋ ಇರುತ್ತಾರೆ. ಅವರನ್ನು ಹುಡುಕಿ, ಫೋನು ಮಾಡಿ, ನಾಟಕ ಹೇಗಿದೆ, ಎಷ್ಟು ಜಾಗ ಬೇಕು, ಎಷ್ಟು ಕರೆಂಟು ಬೇಕು, ಮಕ್ಕಳು ಕೂರುತ್ತಾರಾ ಎಂದೆಲ್ಲ ಹೇಳಿ ಒಪ್ಪಿಸಬೇಕು. ಎದುರಿಗೆ ಬಂದವರ ಮುಖ ನೋಡಿ ನಾಲ್ಕು ಮಾತಾಡಲು ಬಾರದ ಅವಳಿಗೆ ಫೋನು ಹಿಡಿದರೆ ಬೇರೆಯೇ ದನಿ ಬರುತ್ತಿತ್ತು. ಅದು ಚಿಕ್ಕಮ್ಮನ ದನಿ. ಆಪರೇಟರಿನ ಆ ತುಂಬಿದ, ಆತುರವಿಲ್ಲದ, ಸ್ವಲ್ಪ ನಗು ಬೆರೆತ ದನಿಯನ್ನು ಪುಸ್ತಕ ಹಿಡಿದು ಕೂತು ಕೂತೇ ಕಲಿತುಬಿಟ್ಟಿದ್ದಳು. ಕದ್ದಿದ್ದೇನೆ ಎಂದು ಮೊದಮೊದಲು ಅನ್ನಿಸುತ್ತಿತ್ತು. ಶಾಲೆಯಲ್ಲಿ ಒಮ್ಮೆ ಎದ್ದು ನಿಂತು ಪಾಠ ಓದು ಎಂದಾಗ ಒಂದು ಶಬ್ದದ ಮುಂದೆ ಅವಳ ಗಂಟಲು ಕಟ್ಟಿಕೊಂಡಿತ್ತು. ಬಾರದ ಶಬ್ದವೇನಲ್ಲ. ಕ್ಲಾಸೆಲ್ಲ ಕಾಯುತ್ತಿತ್ತು. ಕಾಯುವ ಜನರ ಮೌನಕ್ಕೆ ತೂಕವಿದೆ ಎಂದು ಅವತ್ತು ಗೊತ್ತಾಯಿತು. ಅದು ತಲೆಯ ಮೇಲಲ್ಲ, ನಾಲಿಗೆಯ ಮೇಲೆ ಕೂರುತ್ತದೆ. ಹಿಂದಿನ ಬೆಂಚಿನಿಂದ ಯಾರೋ ಆ ಶಬ್ದವನ್ನು ಹೇಳಿಕೊಟ್ಟರು. ಕ್ಲಾಸು ನಕ್ಕಿತು. ಹೇಳಿಕೊಟ್ಟವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟಿದ್ದಳು, ಅದೇ ಹೆಚ್ಚು ನೋಯಿಸಿತು. ಆ ವರ್ಷವೇ ಶಾಲೆ ಬಿಟ್ಟಳು. ಬಿಟ್ಟವಳನ್ನು ಯಾರೂ ಬಯ್ಯಲಿಲ್ಲ. ಅಮ್ಮ ಇರಲಿಲ್ಲ, ಬಯ್ಯಬೇಕಾದ ಚಿಕ್ಕಮ್ಮ, "ಸರಿ ಬಾ, ನನ್ನ ವೈರಾದ್ರೂ ಸುತ್ತಿಡು" ಎಂದಿದ್ದಳು.

ವೈರು ಸುತ್ತಿಡಲು ಬಂದವಳು ಈಗ ಊರೂರಿಗೆ ಸುಳ್ಳು ಹಂಚುತ್ತಿದ್ದಾಳೆ.

ಅದು ಸುಳ್ಳಾಗಿ ಹುಟ್ಟಿದ್ದಲ್ಲ. ನಾಟಕ ಹೊತ್ತು ಊರೂರು ತಿರುಗಿದ ಕಳೆದ ಸುತ್ತಿನಲ್ಲಿ, ಒಂದು ಊರಿನ ಹಾಲಿನಲ್ಲಿ ಚಿಕ್ಕಮ್ಮ ನಡುವೆ ನಿಂತುಬಿಟ್ಟಳು. ಆಪರೇಟರು ಒಂದಾದ ಮೇಲೊಂದು ಮನೆ ಜೋಡಿಸುವ ಜಾಗ. ವೈರು ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು. ಆಗ ಮುಂದಿನ ಸಾಲಿನ ಒಬ್ಬ ಮುದುಕಿ, ಪಕ್ಕದ ಮನೆಯವಳಿಗೆ ಹೇಳುವಷ್ಟು ಸಹಜವಾಗಿ, "ಆಸ್ಪತ್ರೆಯಿಂದ ಕೇಳಿದ್ರಲ್ಲಮ್ಮ, ಅವರಿಗೆ ಕೊಡಲಿಲ್ಲ ನೀನು" ಎಂದಳು. "ಹೌದಲ್ಲ, ಆಸ್ಪತ್ರೆ," ಎಂದು ಚಿಕ್ಕಮ್ಮ ವೈರು ಚುಚ್ಚಿದಳು. ಹಾಲಿಗೆ ಜೀವ ಬಂದುಬಿಟ್ಟಿತು. ಆಮೇಲೆ ಅವರೇ ಕಾಯುತ್ತ ಕೂತರು. ಚಿಕ್ಕಮ್ಮ ಇನ್ನೂ ಒಂದೆರಡು ಕಡೆ ತಡವರಿಸಿದಾಗ ಹತ್ತು ಬಾಯಿ ಒಟ್ಟಿಗೆ ತೆರೆದವು. ಮರುದಿನ ಆ ಹಾಲಿನವರು ಫೋನು ಮಾಡಿ, ನಮ್ಮ ತಂಗಿಯ ಊರಿಗೂ ಕಳಿಸಿ, ಹಾಗೇ ನಡುನಡುವೆ ಮರೆತು ಜನರನ್ನ ಕೇಳಬೇಕು, ಅದೇ ಅದರ ಮಜಾ, ಬೇಕೂಂತಲೇ ಹಾಗೆ ಮಾಡಿದ್ದಲ್ಲವಾ ಎಂದರು. ಅವಳು ಚಿಕ್ಕಮ್ಮನ ದನಿಯಲ್ಲಿ, "ಹೌದು" ಎಂದಳು. ಚಿಕ್ಕಮ್ಮನ ಮಾನ ಉಳಿಸಲು ಹೇಳಿದ ಆ ಒಂದು ಹೌದು ಮುಂದಿನ ಫೋನಿನಲ್ಲಿ ಒಂದು ವಾಕ್ಯವಾಯಿತು, ಅದರ ಮುಂದಿನದರಲ್ಲಿ ನಾಟಕದ ವಿಶೇಷವಾಯಿತು. ಕರಪತ್ರದಲ್ಲಿ ಎಲ್ಲೂ ಬರೆಸಲಿಲ್ಲ. ಬಾಯಲ್ಲೇ ಹೇಳಿದಳು. 'ಅವರು ಮರೀತಾರೆ, ನೀವು ಹೇಳಿಕೊಡ್ತೀರಿ.' ಮೊದಲು ಯೋಚಿಸಿ ಹೇಳುತ್ತೇವೆ ಎನ್ನುತ್ತಿದ್ದವರು ಈಗ ತಾರೀಕು ಕೇಳತೊಡಗಿದರು.

ಚಿಕ್ಕಮ್ಮನಿಗೆ ಇದು ಗೊತ್ತಿಲ್ಲ. "ಈ ಕಡೆ ಜನಕ್ಕೆ ನಾಟಕ ನೋಡೋ ಕ್ರಮ ಗೊತ್ತಿಲ್ಲ ಕಣೇ, ಬಾಯಿ ಹಾಕ್ತಾರೆ," ಎಂದು ವ್ಯಾನಿನಲ್ಲಿ ಗೊಣಗುವಳು. ಬಾಯಿ ಹಾಕದೆ ಇರಲಿ ಎಂದೇ ಈಗ ಬೆಳಗಾಗೆದ್ದು ಮಾತು ಗಟ್ಟಿ ಮಾಡುತ್ತಿದ್ದಾಳೆ. ಇವತ್ತಿನ ಹಾಲಿಗೆ ಈ ಭಾಗದ ಎಲ್ಲ ಹಾಲಿನವರ ಪರವಾಗಿ ಔಷಧಿ ಅಂಗಡಿಯವರೊಬ್ಬರು ನೋಡಲು ಬರುತ್ತಾರೆ. ಅವರು ತಲೆ ಆಡಿಸಿದರೆ ಮುಂದಿನ ಸುತ್ತು ಪೂರ್ತಿ ತಮ್ಮದು, ಇಲ್ಲದಿದ್ದರೆ ಸುತ್ತೇ ಇಲ್ಲ. "ಸಿಗದೆ ಇದ್ರೆ ಆ ಬೋರ್ಡನ್ನ ಒಡೆದು ಒಲೆಗೆ ಹಾಕು, ನಾನು ಮನೇಲಿ ಕೂರ್ತೀನಿ," ಎಂದು ಚಿಕ್ಕಮ್ಮ ಹಗುರವಾಗಿ ಹೇಳಿದ್ದಳು. ಕೂತ ಚಿಕ್ಕಮ್ಮ ಹೇಗಿರುತ್ತಾಳೆ ಎಂದು ಅವಳಿಗೆ ಗೊತ್ತು. ಆಟವಿಲ್ಲದ ತಿಂಗಳುಗಳಲ್ಲಿ ನೀರಿಲ್ಲದ ಪಾತ್ರೆಯನ್ನು ಒಲೆಯ ಮೇಲಿಟ್ಟು ಅದರ ಮುಂದೆ ನಿಂತಿರುತ್ತಿದ್ದಳು. ಹುಡುಗಿಯನ್ನು ಅವಳ ಅಮ್ಮನ ಹೆಸರಿನಿಂದ ಕರೆದು, ಆಮೇಲೆ ಕರೆದೇ ಇಲ್ಲ ಎಂದು ವಾದಿಸುತ್ತಿದ್ದಳು. ವ್ಯಾನು ಹೊರಟರೆ ಸಾಕು, ಯಾರೋ ದಾರ ಎಳೆದು ಬಿಗಿ ಮಾಡಿದಂತೆ ಮತ್ತೆ ನೆಟ್ಟಗಾಗುತ್ತಿದ್ದಳು. ಆದ್ದರಿಂದ ವ್ಯಾನು ಹೊರಡುತ್ತಿರಬೇಕು. ವ್ಯಾನು ಹೊರಡಬೇಕಾದರೆ ಚಿಕ್ಕಮ್ಮ ಮರೆಯುತ್ತಿರಬೇಕು. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಅದು ಅಲ್ಲಿಗೇ ಬಂದು ನಿಲ್ಲುತ್ತಿತ್ತು.

"...ಆದ್ರೂ ಕೊಡ್ತೀನಿ," ಎಂದು ಚಿಕ್ಕಮ್ಮ ಮುಗಿಸಿದಳು. ಡ್ರೈವರು ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ತೊಡೆ ತಟ್ಟಿ ಚಪ್ಪಾಳೆಯ ಸದ್ದು ಮಾಡಿದ.

ಹಾಲು ಊರಿನ ತುದಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಇತ್ತು. ವ್ಯಾನು ತಿರುಗುವಾಗಲೇ ಅವಳಿಗೆ ಬಾಗಿಲ ಬಳಿಯ ಬೋರ್ಡು ಕಂಡಿತು. ಹಲಗೆಗೆ ಬಿಳಿ ಬಟ್ಟೆ ಬಿಗಿದು, ಅದರ ಮೇಲೆ ಕೆಂಪು ಬಟ್ಟೆಯಲ್ಲಿ ಕತ್ತರಿಸಿದ ಅಕ್ಷರಗಳನ್ನು ಅಚ್ಚುಕಟ್ಟಾಗಿ ಹೊಲಿದಿದ್ದರು. 'ಅವರು ಮರೆಯುತ್ತಾರೆ. ಬನ್ನಿ, ನೆನಪಿಸಿ.' ಇಷ್ಟು ಚೆಂದದ ಅಕ್ಷರಗಳನ್ನು ಅವಳು ಯಾವ ಹಾಲಿನಲ್ಲೂ ನೋಡಿರಲಿಲ್ಲ. ಚಿಕ್ಕಮ್ಮ ಆ ಕ್ಷಣ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು.

"ಹಿಂದಿನ ಬಾಗಿಲಿಗೆ ಹೋಗೋಣ," ಎಂದಳು ಅವಳು.

"ಯಾಕೆ?"

"ಮೆಟ್ಟಿಲು ಕಡಿಮೆ."

"ನನಗೇನು ಕಾಲು ಹೋಗಿದ್ಯಾ? ನಾನು ಬಂದ ಊರಿಗೆ ಮುಂದಿನ ಬಾಗಿಲಿಂದಲೇ ಒಳಗೆ ಹೋಗೋಳು. ನಲವತ್ತು ವರ್ಷದ ಅಭ್ಯಾಸ."

ಅವಳು ಬಾಗಿಲು ತೆರೆದು ಹಾರಿದಳು, ಕಿಟಕಿಗೆ ಕಟ್ಟುವ ಕಪ್ಪು ಪರದೆಯ ಗಂಟನ್ನು ಎಳೆದುಕೊಂಡು ಓಡಿದಳು, ಬಿಚ್ಚಿ, ಒದರಿ, ಧೂಳು ಕೊಡವುವವಳಂತೆ ಅದನ್ನು ಬೋರ್ಡಿನ ಮೇಲೆ ಹರವಿದಳು. ಚಿಕ್ಕಮ್ಮ ಪಕ್ಕದಲ್ಲೇ ಹಾದುಹೋಗಿ, "ಒಗೆದು ಒಂದು ವರ್ಷ ಆಯ್ತು, ಈಗ ನೆನಪಾಯ್ತಾ ಇವಳಿಗೆ," ಎಂದು ಒಳಗೆ ನಡೆದಳು.

ಹಾಲಿನ ಒಡತಿ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡೇ ಬಂದಳು. ಊರಿನ ಟೈಲರು ಅವಳು. ಹಾಲಿನ ಕೀಲಿಕೈಯೂ ಅವಳದೇ. ಹೊಲಿದ ಬಟ್ಟೆ ಕೊಡುವಾಗ ಪ್ರತಿಯೊಬ್ಬರ ಕೈಗೂ ಟಿಕೆಟು ತುರುಕಿ, ಬರದಿದ್ದರೆ ಮುಂದಿನ ಸಲ ತೋಳು ಗಿಡ್ಡ ಮಾಡಿಬಿಡುತ್ತೇನೆ ಎಂದು ಹೆದರಿಸಿ ಹಾಲು ತುಂಬಿಸುವವಳು ಎಂದು ಫೋನಿನಲ್ಲೇ ಹೇಳಿಕೊಂಡಿದ್ದಳು. ಪರದೆ ಹರವಿದ್ದನ್ನು ನೋಡಿ ಅವಳ ಮುಖ ಸಣ್ಣದಾಯಿತು.

"ಅಯ್ಯೋ, ಬೋರ್ಡ್ ಮುಚ್ಚಿಬಿಟ್ಯಲ್ಲಮ್ಮ. ಯಾರಮ್ಮ ನೀನು? ಫೋನ್ ಮಾಡೋ ಮೇಡಂ ಎಲ್ಲಿ?"

"ನಾನೇ."

"ನೀನಾ?" ಟೈಲರಕ್ಕ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಆ ನೋಟದಲ್ಲಿ ಭುಜ, ಎದೆ, ಸೊಂಟ ಎಲ್ಲ ಅಳೆದು ಮುಗಿಯಿತು. "ನಾನು ಯಾರೋ ದಪ್ಪಗೆ, ಕನ್ನಡಕ ಹಾಕ್ಕೊಂಡಿರೋ ದೊಡ್ಡ ಹೆಂಗಸು ಅಂದ್ಕೊಂಡಿದ್ದೆ. ಮೇಡಂ ಮೇಡಂ ಅಂತ ಎದ್ದು ನಿಂತು ಮಾತಾಡ್ತಿದ್ದೆ ಕಣೇ ನಿನ್ನ ಹತ್ರ."

ಎಲ್ಲ ಊರಿನಲ್ಲೂ ಹೀಗೇ. ಮೊದಲ ನೋಟಕ್ಕೆ ಅವರ ಮುಖದಲ್ಲಿ ಏನೋ ಒಂದು ಇಳಿದುಹೋಗುತ್ತದೆ, ಕೊಂಡ ಸಾಮಾನನ್ನು ಮನೆಗೆ ತಂದು ಬಿಚ್ಚಿ ನೋಡಿದವರ ಹಾಗೆ. ಅವಳು ಪರದೆಯ ಅಂಚನ್ನು ಬೆರಳಿಗೆ ಸುತ್ತುತ್ತ, ಈಗ ಹೇಳಿಬಿಡಬೇಕು ಎಂದುಕೊಂಡಳು. "ಅಕ್ಕಾ, ಇವತ್ತು... ಅವರು ಏನೂ ಕೇಳದೇ ಇರಬಹುದು."

"ಏನು ಕೇಳದೇ?"

"ಮರೀದೇ ಇರಬಹುದು."

ಟೈಲರಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ನೋಡು, ನಾನು ಮನೆಮನೆಗೆ ಹೋಗಿ ಅದನ್ನೇ ಹೇಳಿದೀನಿ. ನಮ್ಮೂರಿನೋರು ಒಂದು ವಾರದಿಂದ ನಾನು ಹೇಳಿಕೊಡ್ತೀನಿ, ತಾನು ಹೇಳಿಕೊಡ್ತೀನಿ ಅಂತ ಕುಣೀತಿದಾರೆ. ನೀವು ಆಟ ಮುಗಿಸಿ ವ್ಯಾನ್ ಹತ್ತಿ ಹೋಗ್ತೀರಾ. ನಾಳೆ ಬೆಳಿಗ್ಗೆ ಇವರ ಮುಖ ನೋಡಬೇಕಾದೋಳು ನಾನು. ಮರೀತಾರೆ ತಾನೇ?"

ಎದುರು ಒಂದು ಮುಖವಿದ್ದಾಗ ಅವಳಿಗೆ ಉಳಿಯುತ್ತಿದ್ದದ್ದು ಎರಡೇ ಮಾತು. ಅದರಲ್ಲಿ ಸುಲಭವಾದದ್ದನ್ನು ಹೇಳಿದಳು. "ಹೂಂ."

ಮಧ್ಯಾಹ್ನವೆಲ್ಲ ಕೆಲಸ. ಟೇಬಲ್ ಟೆನಿಸ್ ಮೇಜನ್ನು ಮಡಚಿ ಮೂಲೆಗೆ ತಳ್ಳಿದರು. ಡ್ರೈವರು ತೂತುಗಳ ಬೋರ್ಡನ್ನು ಹೊತ್ತು ತಂದು ನಿಲ್ಲಿಸಿ, ಅಲುಗಾಡುವ ಕಾಲಿಗೆ ರಟ್ಟು ಕೊಟ್ಟ. ಅವಳು ಏಣಿ ಹತ್ತಿ ಕಿಟಕಿಗಳಿಗೆ ಪರದೆ ಕಟ್ಟಿದಳು. ಒಂದು ಪರದೆ ಕಡಿಮೆ ಬಿತ್ತು, ಅದು ಹೊರಗೆ ಬೋರ್ಡಿನ ಮೇಲಿತ್ತು. ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಜೋಡಿಸುವಾಗ ಒಂದೊಂದು ಕುರ್ಚಿಯ ಮೇಲೂ ನಾಳೆ ಬೆಳಿಗ್ಗೆ ಟೈಲರಕ್ಕ ನೋಡಬೇಕಾದ ಒಂದೊಂದು ಮುಖ ಕೂತ ಹಾಗಾಯಿತು. ಹಿಂದಿನ ಸಾಲಿನ ಆಚೆ ಮೇಜು ಹಾಕಿ ದೀಪದ ಗುಂಡಿಗಳ ಪೆಟ್ಟಿಗೆ ಇಟ್ಟುಕೊಂಡಳು. ಅಲ್ಲಿಂದ ನೋಡಿದರೆ ಚಿಕ್ಕಮ್ಮ ಬೋರ್ಡಿನ ಮುಂದೆ ಬೆನ್ನು ತೋರಿಸಿ ನಿಂತು, ಬಾಯಲ್ಲಿ ಮಾತಿಲ್ಲದೆ ಬರೀ ಕೈಯಲ್ಲಿ ಇಡೀ ನಾಟಕ ಆಡುತ್ತಿದ್ದಳು. ವೈರು ಎತ್ತಿ, ಚುಚ್ಚಿ, ಕಿತ್ತು, ಚುಚ್ಚಿ. ಒಂದು ಕೈಯೂ ತಪ್ಪಲಿಲ್ಲ.

ಔಷಧಿ ಅಂಗಡಿಯವರು ಸಂಜೆ ಬಂದರು. ಸಣ್ಣ ಆಳು, ಜೇಬಿನಲ್ಲಿ ಎರಡು ಪೆನ್ನು, ಹಾಲಿಗೆ ಕಾಲಿಟ್ಟ ಕೂಡಲೇ ತಲೆಯೆತ್ತಿ ಸೂರನ್ನು ನೋಡಿದರು. ಬೇರೆಯವರ ಹಾಲಿಗೆ ಹೋದಾಗ ಎಲ್ಲ ಹಾಲಿನವರೂ ಮೊದಲು ಸೂರು ನೋಡುತ್ತಾರೆ. ಟೈಲರಕ್ಕ ಟೀ ತಂದಳು. ಚಿಕ್ಕಮ್ಮ ಮುಖಕ್ಕೆ ಅರ್ಧ ಬಣ್ಣ ಹಚ್ಚಿಕೊಂಡೇ ಬಂದು ಕೂತಳು.

"ನಿಮ್ಮ ಬಗ್ಗೆ ತುಂಬಾ ಕೇಳಿದೀನಮ್ಮ," ಎಂದರು ಅವರು. "ಈ ಥರದ್ದು ನಮ್ಮ ಕಡೆ ಯಾರೂ ತಂದಿಲ್ಲ. ಇಲ್ಲಿನೋರಿಗೂ ಬಾಯಿ ಜೋರು. ನೀವು ಕೇಳೋದೇ ತಡ..."

"ನಾನೇನು ಕೇಳ್ತೀನಿ?" ಎಂದಳು ಚಿಕ್ಕಮ್ಮ.

ಹುಡುಗಿಯ ಕೈಯಲ್ಲಿದ್ದ ಟೀ ಲೋಟ ನೆಲಕ್ಕೆ ಬಿದ್ದು ಒಡೆಯಿತು. ಟೀ ಔಷಧಿ ಅಂಗಡಿಯವರ ಪ್ಯಾಂಟಿನ ಮೇಲೂ ಹಾರಿತು. ಜಾರಿತೋ, ಬಿಟ್ಟಳೋ, ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಎಲ್ಲರೂ ಎದ್ದರು, ಬಟ್ಟೆ ಬಂತು, ಪೊರಕೆ ಬಂತು. "ಬಾಯಿಗೆ ಬಲ ಇಲ್ಲ ಅಂದ್ಕೊಂಡಿದ್ದೆ, ಕೈಗೂ ಇಲ್ವಾ ನಿನಗೆ?" ಎಂದಳು ಚಿಕ್ಕಮ್ಮ. ಅವಳು ನೆಲದ ಮೇಲೆ ಕೂತು ಚೂರು ಆರಿಸುತ್ತಿದ್ದಳು. ಬಗ್ಗಿದ ಅವಳ ತಲೆಯ ಮೇಲೆ ಚಿಕ್ಕಮ್ಮನ ನೋಟ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು. ಕತ್ತಿನ ಹಿಂದೆ ಬಿಸಿಲು ಬಿದ್ದ ಹಾಗೆ ಅದು ಅವಳಿಗೆ ಗೊತ್ತಾಗುತ್ತಿತ್ತು.

ಆಮೇಲೆ ಬಣ್ಣದ ಕೋಣೆಯಲ್ಲಿ, ಅಂದರೆ ಟೈಲರಕ್ಕ ಪಾತ್ರೆ ಇಡುವ ಸಣ್ಣ ಕೋಣೆಯಲ್ಲಿ, ಚಿಕ್ಕಮ್ಮನ ಜಡೆಗೆ ಪಿನ್ನು ಚುಚ್ಚುವಾಗ ನಿಜ ಹೇಳಲು ಮತ್ತೊಮ್ಮೆ ಪ್ರಯತ್ನ ಪಟ್ಟಳು. ಕನ್ನಡಿಯಲ್ಲಿ ಇಬ್ಬರ ಮುಖವೂ ಇತ್ತು. ನೇರ ಮುಖಕ್ಕಿಂತ ಕನ್ನಡಿಯ ಮುಖಕ್ಕೆ ಹೇಳುವುದು ಸುಲಭ. "ಚಿಕ್ಕಮ್ಮ," ಎಂದಳು.

"ಹೇಳು."

ಪಿನ್ನು ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೆ ಚುಚ್ಚಿದಳು.

"ನಾನೇ ಹೇಳ್ತೀನಿ ತಡಿ," ಎಂದಳು ಚಿಕ್ಕಮ್ಮ. "ಇವತ್ತು ಆ ಕೊನೇ ಮೌನ ಇದೆಯಲ್ಲ, ಅದನ್ನ ಪೂರ್ತಿ ಹಿಡೀತೀನಿ. ಎಷ್ಟು ದಿನ ಆಯ್ತು ಜನ ನನ್ನ ಅಲ್ಲಿ ನಿಲ್ಲೋಕೆ ಬಿಟ್ಟು. ಇಡೀ ನಾಟಕ ನಾನು ಆಡೋದೇ ಆ ಒಂದು ಜಾಗಕ್ಕೆ. ಉಳಿದದ್ದೆಲ್ಲ ಅಲ್ಲಿಗೆ ಹೋಗೋ ದಾರಿ ಕಣೇ." ಕನ್ನಡಿಯೊಳಗೆ ಅವಳನ್ನು ನೋಡಿ, "ನೀನೇನೋ ಹೇಳೋಕೆ ಬಂದೆ," ಎಂದಳು.

"ಪಿನ್ನು ಚುಚ್ಚುತ್ತಾ ಅಂತ."

"ಇಲ್ಲ," ಎಂದಳು ಚಿಕ್ಕಮ್ಮ.

ಹಾಲು ತುಂಬಿತು. ಹಿಂದೆ ನಿಂತವರೂ ಇದ್ದರು. ಹೊರಗಿನ ಪರದೆಯನ್ನು ಯಾರೋ ತೆಗೆದು ಅಚ್ಚುಕಟ್ಟಾಗಿ ಮಡಚಿ ತಂದು ಅವಳ ಮೇಜಿನ ಕೆಳಗೆ ಇಟ್ಟು ಹೋಗಿದ್ದರು. ಬೆಳಕು ಏರಿಸಿದಳು. ಚಿಕ್ಕಮ್ಮ ಬಂದು ಕೂತು, ಕಿವಿಗೆ ಫೋನಿನ ಯಂತ್ರ ಸಿಕ್ಕಿಸಿಕೊಂಡು, ಮೊದಲ ವೈರು ಎತ್ತಿದಳು.

ಇಷ್ಟು ಚೆನ್ನಾಗಿ ಚಿಕ್ಕಮ್ಮ ಆಡಿದ್ದನ್ನು ಅವಳು ನೋಡಿರಲಿಲ್ಲ. ಇಷ್ಟು ಚೆನ್ನಾಗಿ ಆಡಿದ ನಾಟಕ ಹೀಗೆ ಸೋಲುವುದನ್ನೂ ನೋಡಿರಲಿಲ್ಲ. ಜನ ನಾಟಕವನ್ನು ನೋಡುತ್ತಿರಲಿಲ್ಲ, ಬಿರುಕು ಹುಡುಕುತ್ತಿದ್ದರು. ಚಿಕ್ಕಮ್ಮ ಉಸಿರೆಳೆದುಕೊಂಡ ಕಡೆಯೆಲ್ಲ ಕುರ್ಚಿಗಳು ಕಿರುಗುಟ್ಟಿದವು. "ಈಗ ನೋಡು, ಈಗ ಕೇಳ್ತಾಳೆ," ಎಂದು ಒಂದು ಹೆಂಗಸು ಪಿಸುಗುಟ್ಟಿ, ಮಾತು ಸರಾಗವಾಗಿ ಮುಂದೆ ಹೋದಾಗ, "ಇಲ್ಲ ಬಿಡು" ಎಂದು ಹಿಂದಕ್ಕೊರಗಿದಳು. ಮುಂದಿನ ಸಾಲಿನ ಒಬ್ಬ ಮುದುಕ ಬಾಯಿ ಅರೆ ತೆರೆದುಕೊಂಡೇ ಕೂತಿದ್ದ. ಔಷಧಿ ಅಂಗಡಿಯವರು ಕೈ ಕಟ್ಟಿದರು. ಟೈಲರಕ್ಕ ಮೊದಲು ಒಂದು ಸಲ, ಆಮೇಲೆ ಪದೇ ಪದೇ ಹಿಂದೆ ತಿರುಗಿ ಅವಳನ್ನು ನೋಡಿದಳು. ಪ್ರತಿ ಸಲವೂ ಅವಳು ಗುಂಡಿಗಳ ಕಡೆ ತಲೆ ತಗ್ಗಿಸಿದಳು. ಮರೆಯಲಿ ಎಂದು ಒಂದು ಮನಸ್ಸು, ಮರೆಯದಿರಲಿ ಎಂದು ಇನ್ನೊಂದು. ಎರಡೂ ಒಂದೇ ಎದೆಯೊಳಗೆ ಜಾಗಕ್ಕಾಗಿ ನೂಕಾಡಿದವು. ಮರೆಯಲಿ ಎನ್ನುವುದು ದಿನಸಿ ತರುವ ಮನಸ್ಸು, ಒಳ್ಳೆಯದನ್ನು ಬಯಸುವ ಮನಸ್ಸು. ಹಿಂದಿನ ಬೆಂಚಿನ ಆ ಹುಡುಗಿಯ ಮನಸ್ಸೂ ಒಳ್ಳೆಯದೇ ಆಗಿತ್ತು.

ಕೊನೆಯ ಕರೆ ಬಂತು. ಕೇಳಿದ ನಂಬರನ್ನು ಚಿಕ್ಕಮ್ಮ ಒಂದು ಸಲ ತನ್ನಲ್ಲೇ ಹೇಳಿಕೊಂಡಳು. ವೈರು ಕೈಯಲ್ಲಿ ಹಿಡಿದು ನಿಂತಳು.

ಹಾಲು ಎದ್ದು ಕೂತಿತು.

"ಕೊಡಮ್ಮ, ಯಾಕೆ ನಿಂತೆ?" ಎಂದ ಮುಂದಿನ ಸಾಲಿನ ಮುದುಕ.

"ನಿಮ್ಮ ಮನೇದೇ ನಂಬರ್ ಕಣ್ರೀ ಅದು."

"ಮೂಲೆ ತೂತು, ಮೂಲೆ ತೂತು."

"ಕೊನೆಗೂ ಮರೆತ್ರಪ್ಪ," ಎಂದಳು ಟೈಲರಕ್ಕ, ನಿಟ್ಟುಸಿರು ಬಿಟ್ಟು, ಎಲ್ಲರಿಗೂ ಕೇಳುವಂತೆ. ನಗು ಹಾಲಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಿತು. ವಾರದಿಂದ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಒಟ್ಟಿಗೆ ಹೊರಬಂತು.

ಚಿಕ್ಕಮ್ಮ ಕದಲಲಿಲ್ಲ. ನಗು ತಾನಾಗಿ ಕಡಿಮೆಯಾಗುವ ತನಕ ಕಾದಳು. ಆಮೇಲೆ ಹಿಡಿದಿದ್ದ ವೈರನ್ನು ಮೆಲ್ಲಗೆ ಕುರ್ಚಿಯ ಮೇಲೆ ಇಟ್ಟು, ನಾಟಕದಲ್ಲಿ ಎಂದೂ ಮುಟ್ಟದ ಇನ್ನೊಂದು ವೈರನ್ನು ಎತ್ತಿ, ಖಾಲಿಯಿದ್ದ ಒಂದು ತೂತಿಗೆ ಚುಚ್ಚಿದಳು. ತಲೆಗಳ ಮೇಲಿನಿಂದ ನೇರ ದೀಪದ ಮೇಜಿನ ಕಡೆ ನೋಡಿದಳು.

"ಹಲೋ. ಹಿಂದುಗಡೆ ಎಕ್ಸ್‌ಚೇಂಜಾ?"

ಹುಡುಗಿ ಗುಂಡಿಗಳ ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹಲೋ. ಯಾರೋ ಇದೀರಿ. ಉಸಿರು ಕೇಳ್ತಿದೆ."

ಕುರ್ಚಿಗಳೆಲ್ಲ ಹಿಂದಕ್ಕೆ ತಿರುಗಿದವು. ಇಡೀ ಊರು ಅವಳ ಮುಖ ನೋಡಿತು. ನಾಲಿಗೆಯ ಮೇಲೆ ಆ ಹಳೆಯ ತೂಕ ಬಂದು ಕೂತಿತು, ಅದೇ ತೂಕ, ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಫೋನಿನ ದನಿಯನ್ನು ಹುಡುಕಿದಳು. ಅದು ಎದುರಿಗೆ, ಬೆಳಕಿನಲ್ಲಿ, ಅದರ ಒಡತಿಯ ಹತ್ತಿರ ಇತ್ತು. ಉಳಿದದ್ದು ತನ್ನದು, ತೆಳ್ಳಗಿನದು, ಅಂಚು ಹರಿದದ್ದು.

"ಹೇಳಿ," ಎಂದಳು.

"ಈ ಊರಿನೋರಿಗೆ ನೀವು ಫೋನಲ್ಲಿ ಏನು ಹೇಳಿದ್ರಿ?"

"ನೀವು ಮರೀತೀರಿ ಅಂತ."

ಹಾಲು ನಕ್ಕಿತು. ಇದೂ ಆಟವೇ ಎಂದು ತಿಳಿದು ಮುದುಕ ಚಪ್ಪಾಳೆ ತಟ್ಟಿದ.

"ಮರೆತ್ರೆ?"

"ಇವರು ಹೇಳಿಕೊಡ್ತಾರೆ ಅಂತ."

"ಇದೊಂದು ಊರಿಗೋ?"

"ಎಲ್ಲಾ ಊರಿಗೂ."

"ಎಲ್ಲಾ ಊರಿಗೂ," ಎಂದು ಚಿಕ್ಕಮ್ಮ ನಂಬರು ಖಚಿತಪಡಿಸಿಕೊಳ್ಳುವ ಆಪರೇಟರಿನ ಹಾಗೆ ತಿರುಗಿ ಹೇಳಿದಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದರೆ ಬಣ್ಣ ಮಾತ್ರ ಕಾಣುತ್ತಿತ್ತು. "ನೋಡಿ, ನಾನೀಗ ಮರೆತಿಲ್ಲ. ಸುಮ್ಮನೆ ನಿಂತಿದ್ದೆ. ಇನ್ನೊಂದು ಸ್ವಲ್ಪ ಹೊತ್ತು ನಿಲ್ಲಬಹುದಾ?"

"ನಿಲ್ಲಿ," ಎಂದಳು ಅವಳು. ಸಾಲದೆಂಬಂತೆ, ಜನರಿಗೆ, "ನಿಲ್ಲಲಿ, ದಯವಿಟ್ಟು," ಎಂದಳು.

ಚಿಕ್ಕಮ್ಮ ಆ ವೈರನ್ನು ಕಿತ್ತಳು. ಕುರ್ಚಿಯ ಮೇಲಿನ ವೈರನ್ನು ಮತ್ತೆ ಎತ್ತಿಕೊಂಡು ನಿಂತಳು. ಜನ ಮುಂದಕ್ಕೆ ತಿರುಗಿದರು. ಈ ಸಲ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಮೌನ ಹಾಲಿನ ತುಂಬ, ಗೋಡೆಗಳ ತನಕ ಬಂತು. ಔಷಧಿ ಅಂಗಡಿಯವರು ಕಟ್ಟಿದ್ದ ಕೈ ಬಿಟ್ಟು ಮೊಣಕಾಲಿನ ಮೇಲೆ ಇಟ್ಟುಕೊಂಡು ಮುಂದಕ್ಕೆ ಬಾಗಿದ್ದರು. ಟೈಲರಕ್ಕ ಟೇಪಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಚಿಕ್ಕಮ್ಮ ಕೇಳಿದ್ದು ಇದನ್ನೇ, ಇಷ್ಟನ್ನೇ. ಅವಳು ಗುಂಡಿಯ ಮೇಲೆ ಬೆರಳಿಟ್ಟು ಕಾದಳು. ಈ ಮೌನ ಎಲ್ಲಿ ಮುಗಿಯುತ್ತದೆ ಎಂದು ಅವಳ ಮೈಗೆ ಗೊತ್ತಿತ್ತು. ಚಿಕ್ಕಮ್ಮನ ಎಡ ಭುಜ ಒಂದಿಷ್ಟು ಇಳಿಯುತ್ತದೆ, ಆಮೇಲೆ ಮಾತು ಬರುತ್ತದೆ.

ಭುಜ ಇಳಿಯಿತು. ಮಾತು ಬರಲಿಲ್ಲ.

ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಚಿಕ್ಕಮ್ಮನ ಕಣ್ಣು ಬೋರ್ಡಿನ ಮೇಲೆ, ತೂತಿನಿಂದ ತೂತಿಗೆ ಹೋಗುತ್ತಿತ್ತು. ಅದು ಆಪರೇಟರಿನ ನೋಟವೋ, ನೀರಿಲ್ಲದ ಪಾತ್ರೆಯ ಮುಂದಿನ ನೋಟವೋ, ಇಷ್ಟು ದೂರದಿಂದ ತಿಳಿಯಲಿಲ್ಲ. ಹತ್ತಿರದಿಂದ ನೋಡಿದ್ದರೂ ತಿಳಿಯುತ್ತಿರಲಿಲ್ಲವೇನೋ. ಹೇಳಿಕೊಡಲು ಬಂದಿದ್ದ ಹಾಲಿನ ತುಂಬ ಜನ ಈಗ ತುಟಿ ಬಿಗಿದು ಕೂತಿದ್ದರು. ಬಾಯಿ ಮುಚ್ಚಿಸಿದವಳು ತಾನೇ. ಆ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. 'ಆ ಮನೇಲಿ ಯಾರೂ ಎತ್ತಲ್ಲ.' ಒಂದು ಪಿಸುಮಾತು ಸಾಕು. ಹೇಳಿಕೊಟ್ಟರೆ, ಮರೆತಿಲ್ಲ ಎಂದು ಈಗಷ್ಟೇ ಊರೆದುರು ಹೇಳಿದವಳ ಮಾತು ಸುಳ್ಳಾಗುತ್ತದೆ. ಹೇಳದಿದ್ದರೆ ಚಿಕ್ಕಮ್ಮ ಅಲ್ಲೇ, ಆ ಬೆಳಕಿನಲ್ಲೇ, ವೈರು ಹಿಡಿದು ನಿಂತೇ ಇರುತ್ತಾಳೆ. ಮುದುಕನ ಬಾಯಿ ಮತ್ತೆ ತೆರೆದುಕೊಳ್ಳತೊಡಗಿತ್ತು.

"ಲೈನಲ್ಲೇ ಇದ್ದೀನಿ," ಎಂದಳು ಹುಡುಗಿ.

ದನಿ ಹಾಲಿನ ಉದ್ದಕ್ಕೂ ಹೋಯಿತು. ಅಷ್ಟು ದೂರ ತನ್ನ ದನಿ ಹೋದದ್ದನ್ನು ಅವಳು ಕೇಳಿರಲಿಲ್ಲ.

ಚಿಕ್ಕಮ್ಮನ ತಲೆ ಸ್ವಲ್ಪ ವಾಲಿತು, ನಿಜವಾಗಿಯೂ ತಂತಿಯ ಆ ತುದಿಯಿಂದ ಯಾರೋ ಮಾತಾಡಿದ ಹಾಗೆ. ಕೈ ಎದ್ದಿತು. ಮೂಲೆಯ ತೂತಿನ ಹತ್ತಿರ ಬಂದು ಒಂದು ಕ್ಷಣ ಅಳುಕಿ, ವೈರು ಒಳಗೆ ಹೋಯಿತು.

"ಕೇಳಿ," ಎಂದಳು ಚಿಕ್ಕಮ್ಮ. "ಆ ಮನೇಲಿ ಒಬ್ಳಿದಾಳೆ. ಮಾತು ಕಡಿಮೆ. ಬಂದು ಎತ್ತೋದು ತಡ ಆಗುತ್ತೆ. ಇಟ್ಬಿಡ್ಬೇಡಿ."

ಪುಸ್ತಕದಲ್ಲಿ ಆ ಮಾತು ಇರಲಿಲ್ಲ. ಮರೆತು ಕೈಗೆ ಸಿಕ್ಕಿದ್ದನ್ನು ಹೇಳಿದಳೋ, ನೆನಪಿದ್ದೂ ಬದಲಾಯಿಸಿದಳೋ. ಚಿಕ್ಕಮ್ಮ ಕಿವಿಯ ಯಂತ್ರವನ್ನು ಅಂಗೈಯಿಂದ ಒತ್ತಿಕೊಂಡು, ಆ ಕಡೆ ಗಂಟೆ ಹೊಡೆದುಕೊಳ್ಳುವುದನ್ನು ಕೇಳುತ್ತಿರುವವಳಂತೆ ನಿಂತಿದ್ದಳು. ಬೆಳಕು ಇಳಿಸಬೇಕಾದ ಮಾತು ಬರಲಿಲ್ಲ. ಟೈಲರಕ್ಕ ಹಿಂದೆ ತಿರುಗಿ, ಮುಗಿಯಿತಾ ಎಂದು ಹುಬ್ಬಿನಲ್ಲೇ ಕೇಳಿದಳು. ಅವಳು ಗುಂಡಿಯಿಂದ ಬೆರಳು ತೆಗೆದು, ಬೆಳಕನ್ನು ಹಾಗೇ ಇರಲು ಬಿಟ್ಟಳು.